ಬೇಳೆ ಬೇಯುವ ನೀರು

ಚಳ್ಳಕೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ ಇದೆ. ಆ ಮನೆಯಲ್ಲಿ ನೀರಿಗೆ ಎರಡೇ ಬಗೆ: ಬೇಳೆ ಬೇಯುವ ನೀರು, ಬೇಳೆ ಬೇಯದ ನೀರು. ಊರ ಮುಂದಿನ ಹಳೆಯ ತೆರೆದ ಬಾವಿಯದು ಎರಡನೆಯ ಬಗೆ. ತೊಗರಿಬೇಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು, ಸೋಪು ನೊರೆ ಕಟ್ಟುತ್ತಿರಲಿಲ್ಲ, ಬಿಸಿನೀರಿನ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕೂರುತ್ತಿತ್ತು. ಕೊಳವೆಬಾವಿ ಬಂದಮೇಲೆ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಬೇಳೆ ಬೆಣ್ಣೆಯಂತಾಗತೊಡಗಿತು. ನೀರು ಕನ್ನಡಿಯಂತೆ ತಿಳಿ, ಬಾಯಿಗೆ ಸಿಹಿ. ‘ದೇವರು ಕೊಟ್ಟ ನೀರು’ ಎಂದು ಅತ್ತೆ ಬಂದವರಿಗೆಲ್ಲ ಒಂದು ಲೋಟ ಕುಡಿಸಿಯೇ ಕಳುಹಿಸುತ್ತಿದ್ದರು.

ಅತ್ತೆಯ ಮೊಮ್ಮಗನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಮುಂದಿನ ಎರಡೂ ಹಲ್ಲುಗಳ ಮೇಲೆ ಸೀಮೆಸುಣ್ಣ ಉಜ್ಜಿದಂಥ ಬಿಳಿ ಮಚ್ಚೆಗಳಿದ್ದವು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅವು ಕಂದು ಪಟ್ಟೆಗಳಾದವು. ಹುಡುಗ ಹಲ್ಲುಜ್ಜುವುದಿಲ್ಲ ಎಂದು ಮನೆಯವರೆಲ್ಲ ಬೈದರು. ಪಾಪ, ಅವನು ಉಜ್ಜಿ ಉಜ್ಜಿ ಒಸಡಿನಲ್ಲಿ ರಕ್ತ ಬರಿಸಿಕೊಂಡಿದ್ದ. ಆ ಪಟ್ಟೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಅದರೊಳಗೆ ಸೇರಿಕೊಂಡ ದೋಷದ ಗುರುತು. ಬೇಳೆ ಬೇಗ ಬೇಯುವುದಕ್ಕೂ ಹುಡುಗನ ಹಲ್ಲು ಕಂದಾಗುವುದಕ್ಕೂ ಬಹುತೇಕ ಒಂದೇ ಕಾರಣ. ಆ ನಂಟನ್ನು ಬಿಡಿಸಿ ಹೇಳುವುದು, ಅದಕ್ಕಿಂತ ಹೆಚ್ಚಾಗಿ, ಲ್ಯಾಬಿನ ನೀರಿನ ವರದಿಯಲ್ಲಿ ಫ್ಲೋರೈಡಿನ ಎದುರು ಬರುವ ‘1.5’ ಎಂಬ ಅಂಕಿಯನ್ನು ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಹೇಗೆ ಓದಬೇಕು ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಮಾಲಿನ್ಯ ಎಂದೊಡನೆ ನಮ್ಮ ಕಣ್ಣು ಹೊಗೆ ಕಾರುವ ಚಿಮಣಿಯನ್ನೋ ಕಾರ್ಖಾನೆಯ ಮೋರಿಯನ್ನೋ ಹುಡುಕುತ್ತದೆ. ಫ್ಲೋರೈಡಿನ ವಿಷಯದಲ್ಲಿ ಹಾಗೆ ಬೊಟ್ಟು ಮಾಡಿ ತೋರಿಸಲು ಯಾರೂ ಇಲ್ಲ. ನೋಟಿಸು ಕೊಡಬೇಕೆಂದರೆ ಬಂಡೆಗೆ ಕೊಡಬೇಕು. ಚಿತ್ರದುರ್ಗ ಜಿಲ್ಲೆಯ ಬಹುಭಾಗ, ದಾವಣಗೆರೆ ಜಿಲ್ಲೆಯ ಜಗಳೂರು ತಾಲೂಕು, ಪಕ್ಕದ ಪಾವಗಡ, ಇವೆಲ್ಲ ಗ್ರಾನೈಟ್ ಮತ್ತು ಅದರ ದಾಯಾದಿಯಾದ ನೈಸ್ ಶಿಲೆಯಂಥ ಗಟ್ಟಿ ಕಲ್ಲಿನ ಮೇಲೆ ಕುಳಿತಿರುವ ಸೀಮೆ. ಈ ಕಲ್ಲುಗಳಲ್ಲಿ ಫ್ಲೋರೈಟ್, ಅಪಟೈಟ್, ಹಾರ್ನ್‌ಬ್ಲೆಂಡ್, ಬಯೊಟೈಟ್ ಎಂಬ ಖನಿಜಗಳಿವೆ. ಬಯೊಟೈಟ್ ಎಂದರೆ ನಾವು ಚಿಕ್ಕವರಿದ್ದಾಗ ಮರಳಿನಲ್ಲಿ ಹೆಕ್ಕಿ ‘ಕಾಗೆಬಂಗಾರ’ ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದ ಹೊಳೆಯುವ ಚಕ್ಕೆಗಳ ಕಪ್ಪು ಬಗೆ. ಈ ಎಲ್ಲ ಖನಿಜಗಳ ಒಳಗೂ ಫ್ಲೋರಿನ್ ಅಡಗಿದೆ; ನೀರಿಗೆ ಕರಗಿ ಬಂದಾಗ ಅದನ್ನೇ ಫ್ಲೋರೈಡ್ ಎನ್ನುತ್ತೇವೆ.

ಅದು ಹೊರಗೆ ಬರುವ ಬಗೆ ಸ್ವಾರಸ್ಯವಾಗಿದೆ. ನೀರಿನಲ್ಲಿರುವ ಹೈಡ್ರಾಕ್ಸಿಲ್ ಎಂಬ ಅಯಾನು (ವಿದ್ಯುದಂಶ ಹೊತ್ತ ಕಣ), ಫ್ಲೋರೈಡ್ ಅಯಾನು, ಎರಡೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಹೊತ್ತ ವಿದ್ಯುದಂಶವೂ ಒಂದೇ. ಹಾಗಾಗಿ ಒಂದರ ಕುರ್ಚಿಯಲ್ಲಿ ಇನ್ನೊಂದು ಸಲೀಸಾಗಿ ಕೂರಬಲ್ಲದು. ಕ್ಷಾರ ಹೆಚ್ಚಿರುವ ನೀರು ಕಾಗೆಬಂಗಾರದ ಪದರಗಳ ನಡುವೆ ವರ್ಷಗಟ್ಟಲೆ ನಿಂತಾಗ ಹೈಡ್ರಾಕ್ಸಿಲ್ ಒಳಗೆ ಹೋಗುತ್ತದೆ, ಫ್ಲೋರೈಡ್ ನೀರಿಗೆ ಬರುತ್ತದೆ. ಈ ಕುರ್ಚಿ ಬದಲಾವಣೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಹಲ್ಲಿನ ವಿಷಯ ಬಂದಾಗ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ.

ನೀರಿಗೆ ಬಂದ ಫ್ಲೋರೈಡಿಗೆ ಒಂದು ಕಾವಲುಗಾರ ಇದೆ: ಕ್ಯಾಲ್ಸಿಯಂ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನ ಕೈಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳ ಸೇರುತ್ತದೆ. ಹೀಗಾಗಿ ಫ್ಲೋರೈಡ್ ಒಂದು ಮಟ್ಟಕ್ಕಿಂತ ಮೇಲೇರಲಾಗದು. ಆದರೆ ನಮ್ಮಂಥ ಒಣಸೀಮೆಯಲ್ಲಿ ಕ್ಯಾಲ್ಸಿಯಂ ನೀರಿನಲ್ಲಿ ಉಳಿಯುವುದಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತಾ ಅದು ಸುಣ್ಣದ ಗಂಟುಗಳಾಗಿ ಮಣ್ಣಿನಲ್ಲೇ ಗಟ್ಟಿಯಾಗುತ್ತದೆ. ಹೊಲ ಉಳುವಾಗ ಕುಳಕ್ಕೆ ಸಿಗುವ ಬಿಳಿಯ ಹರಳುಗಳು ಅವೇ. ಮಿಕ್ಕದ್ದನ್ನು ಜೇಡಿಮಣ್ಣು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತದೆ. ಕೊನೆಗೆ ಆಳದಲ್ಲಿ ಉಳಿಯುವುದು ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು ಇರುವ ಮೆದು ನೀರು. ಸೋಡಿಯಂ ಬೈಕಾರ್ಬೊನೇಟ್ ಎಂದರೆ ಅಡುಗೆ ಸೋಡಾ. ಕಡಲೆಕಾಳು ಬೇಗ ಬೇಯಲಿ ಎಂದು ಹೋಟೆಲಿನವರು ಒಂದು ಚಿಟಿಕೆ ಹಾಕುತ್ತಾರಲ್ಲ, ಅದೇ. ಬೇಳೆಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನನ್ನು ಕ್ಯಾಲ್ಸಿಯಂ ಬಿಗಿಯುತ್ತದೆ, ಸೋಡಾ ಸಡಿಲಿಸುತ್ತದೆ. ಅತ್ತೆಯ ಸಾರು ರುಚಿಯಾದದ್ದು ಇದರಿಂದ. ಕಾವಲುಗಾರನಿಲ್ಲದ ಆ ನೀರಿನಲ್ಲಿ ಫ್ಲೋರೈಡ್ ಏರುತ್ತಾ ಹೋದದ್ದೂ ಇದರಿಂದಲೇ.

ಎಲ್ಲ ಮೆದು ನೀರಿನಲ್ಲೂ ಫ್ಲೋರೈಡ್ ಇರುತ್ತದೆ, ಗಡಸು ನೀರೆಲ್ಲ ಸುರಕ್ಷಿತ ಎಂದು ಇದರ ಅರ್ಥವಲ್ಲ. ಗಡಸುತನವೂ ಫ್ಲೋರೈಡೂ ಒಟ್ಟಿಗಿರುವ ಬಾವಿಗಳೂ ಇವೆ. ನಾಲಿಗೆ, ಮೂಗು, ಬೇಳೆ, ಸೋಪು, ಈ ನಾಲ್ಕು ಸಾಕ್ಷಿಗಳನ್ನು ನಂಬಿ ತೀರ್ಪು ಕೊಡಬಾರದು ಎಂಬುದಷ್ಟೇ ನನ್ನ ಮಾತು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಮ್ಮ ಬಾವಿಗಳಲ್ಲಿ ಸಿಗುವ ಪ್ರಮಾಣದಲ್ಲಿ ರುಚಿಯೂ ಇಲ್ಲ.

ಚಿತ್ರದುರ್ಗದ ಕೋಟೆಗೆ ಹೋದವರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ನೋಡಿಯೇ ಇರುತ್ತೀರಿ. ಬೆಟ್ಟದ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿದು, ಕೋಡಿ ಹರಿದು, ಕೆಳಗೆ ಊರಿನ ಸಿಹಿನೀರು ಹೊಂಡದವರೆಗೆ ಬರುವಂತೆ ಹಳಬರು ಏರ್ಪಾಡು ಮಾಡಿದ್ದರು. ಸುತ್ತಲೂ ಕಲ್ಲೇ ಕಲ್ಲು. ಹಾಗಿದ್ದರೂ ಬಂಡೆಯ ಮೈಮೇಲೆ ಜಾರಿ ಬಂದ ಮಳೆನೀರಿಗೆ ಆ ಕಲ್ಲಿನ ಸಹವಾಸ ಕೆಲವು ನಿಮಿಷಗಳದು ಮಾತ್ರ. ಅಷ್ಟರಲ್ಲಿ ಅದು ಫ್ಲೋರೈಡನ್ನು ಕರಗಿಸಿಕೊಳ್ಳಲಾರದು. ಅದೇ ಬಗೆಯ ಕಲ್ಲಿನ ಬಿರುಕಿನಲ್ಲಿ ಐನೂರು, ಏಳುನೂರು ಅಡಿ ಆಳದಲ್ಲಿ ನಿಂತ ನೀರಿನದು ಬೇರೆ ಕಥೆ. ಅದು ಅಲ್ಲಿ ದಶಕಗಳಿಂದ, ಕೆಲವೆಡೆ ಇನ್ನೂ ದೀರ್ಘ ಕಾಲದಿಂದ ಕಲ್ಲನ್ನು ನೆಕ್ಕುತ್ತಾ ಕುಳಿತಿದೆ. ನೀರು ಕಲ್ಲಿನೊಂದಿಗೆ ಎಷ್ಟು ಕಾಲ ಕಳೆಯಿತು ಎಂಬುದೇ ಎರಡರ ನಡುವಿನ ವ್ಯತ್ಯಾಸ.

ಹಾಗಾದರೆ ಕೊಳವೆಬಾವಿ ತೋಡಿದ್ದೇ ತಪ್ಪೇ? ಅಷ್ಟು ಸುಲಭವಾಗಿ ಹಾಗೆನ್ನಲಾರೆ. ಮೆಟ್ಟಿಲು ಇಳಿದು ಕಾಲು ಅದ್ದಿ ನೀರು ತುಂಬುವ ತೆರೆದ ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಿನ ಚರ್ಮ ಸೀಳಿಕೊಂಡು ಮೊಳದುದ್ದದ ಹುಳು ಹೊರಬರುವ ಆ ಕಾಯಿಲೆಯನ್ನು ಉತ್ತರ ಕರ್ನಾಟಕದ ಹಿರಿಯರು ಇನ್ನೂ ಮರೆತಿಲ್ಲ. ಭಾರತದಲ್ಲಿ ಅದರ ಕೊನೆಯ ಪ್ರಕರಣ ದಾಖಲಾದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಆ ಗೆಲುವಿನಲ್ಲಿ ಕೈಪಂಪಿನ ಪಾಲು ದೊಡ್ಡದು. ವಾಂತಿಭೇದಿ ತಗ್ಗಿದ್ದರಲ್ಲೂ ಅಷ್ಟೇ. ಬರಗಾಲದ ವರ್ಷಗಳಲ್ಲಿ ಜೀವ ಉಳಿಸಿದ್ದೂ ಕೊಳವೆಬಾವಿಯೇ. ಕ್ರಿಮಿ ಇಲ್ಲದ ನೀರು ಒಳ್ಳೆಯ ನೀರು ಎಂದು ಎಲ್ಲರೂ ನಂಬಿದ್ದರು. ಕ್ರಿಮಿ ಇರಲಿಲ್ಲ, ನಿಜ.

ಆಳದ ಬಾವಿಯ ಈ ಮುಖ ಅಮೆರಿಕದವರಿಗೆ ನಮಗಿಂತ ಬಹಳ ಮೊದಲೇ ಪರಿಚಯವಾಗಿತ್ತು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದಾಗ ಅಲ್ಲಿನವರ ಹಲ್ಲಿನ ಕಂದು ಕಲೆ ಕಂಡು ಬೆರಗಾದ. ನೀರಿನಲ್ಲಿ ಏನೋ ಇದೆ ಎಂಬ ಗುಮಾನಿ ಅವನಿಗಿತ್ತು. ಆದರೆ ಆ ಕಾಲದ ಪರೀಕ್ಷೆಗಳಿಗೆ ಅದು ಸಿಗಲಿಲ್ಲ. ಉತ್ತರ ಸಿಕ್ಕಿದ್ದು ಬೇರೊಂದು ಊರಿನಿಂದ. ಅರ್ಕಾನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿಗಾರರ ಊರು 1909ರಲ್ಲಿ ಮೇಲ್ಮಟ್ಟದ ಬಾವಿಗಳನ್ನು ಬಿಟ್ಟು ಆಳದ ಬಾವಿಗಳ ನೀರಿಗೆ ಬದಲಾಯಿತು. ಅದಕ್ಕೂ ಮೊದಲೇ ಹಲ್ಲು ಬಲಿತಿದ್ದವರಿಗೆ ಏನೂ ಆಗಲಿಲ್ಲ. ನಂತರ ಬೆಳೆದ ಮಕ್ಕಳ ಹಲ್ಲುಗಳೆಲ್ಲ ಕಂದು. ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್, ದೂರು ತಮ್ಮ ಪಾತ್ರೆಗಳ ಮೇಲೆ ಬಂದೀತು ಎಂಬ ಆತಂಕದಲ್ಲಿ 1931ರಲ್ಲಿ ಆ ನೀರನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಸಿಕ್ಕಿದ್ದು ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್. ಕಂಪನಿ ತನ್ನ ಹೆಸರು ಉಳಿಸಿಕೊಳ್ಳಲು ಮಾಡಿದ ಪರೀಕ್ಷೆ ಲೋಕಕ್ಕೆ ಉಪಕಾರವಾಯಿತು. ನಮ್ಮಲ್ಲಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ ಶಾರ್ಟ್ ಮತ್ತು ಸಂಗಡಿಗರು, ಫ್ಲೋರೈಡ್ ಅತಿಯಾಗಿ ಮೂಳೆಗೆ ತಗಲುವ ಫ್ಲೋರೋಸಿಸ್ ಕಾಯಿಲೆಯ ಕುರಿತು ಬರೆದರು. ಬಳ್ಳಾರಿ, ಚಿತ್ರದುರ್ಗಗಳಿಗೆ ಅದು ದೂರದ ಊರೇನೂ ಅಲ್ಲ.

ಈಗ ಹಲ್ಲಿಗೆ ಬರೋಣ. ಹಲ್ಲಿನ ಹೊರಕವಚವಾದ ಎನಾಮೆಲ್ ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಎಂಬ ಹರಳುಗಳಿಂದ ಆದದ್ದು. ಹೆಸರಿನಲ್ಲೇ ಹೈಡ್ರಾಕ್ಸಿಲ್ ಇದೆ ನೋಡಿ. ಬಂಡೆಯಲ್ಲಿ ಹೈಡ್ರಾಕ್ಸಿಲ್ ಬಂದು ಫ್ಲೋರೈಡನ್ನು ಎಬ್ಬಿಸಿತ್ತು. ಇಲ್ಲಿ ಫ್ಲೋರೈಡ್ ಬಂದು ಹೈಡ್ರಾಕ್ಸಿಲನ್ನು ಎಬ್ಬಿಸಿ ಅದರ ಕುರ್ಚಿಯಲ್ಲಿ ಕೂರುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಒಳ್ಳೆಯದೇ. ಫ್ಲೋರೈಡ್ ಕೂತ ಹರಳು ಆಮ್ಲಕ್ಕೆ ಸುಲಭವಾಗಿ ಕರಗದು, ಹುಳುಕು ಕಡಿಮೆ. ಟೂತ್‌ಪೇಸ್ಟಿನಲ್ಲಿ ಅದನ್ನು ಹಾಕುವುದು ಇದಕ್ಕೇ. ಆದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಅಂದರೆ ಶಾಶ್ವತ ಹಲ್ಲುಗಳು ದವಡೆಯೊಳಗೆ ತಯಾರಾಗುವ ಅವಧಿಯಲ್ಲಿ ಅತಿಯಾದರೆ ಎನಾಮೆಲ್ ಪೂರ್ತಿ ಬಲಿಯದೆ ಸಚ್ಛಿದ್ರವಾಗಿ ಉಳಿಯುತ್ತದೆ. ಮೊದಲು ಬಿಳಿ ಮಚ್ಚೆ, ಆಮೇಲೆ ಆ ರಂಧ್ರಗಳಿಗೆ ಬಣ್ಣ ಹಿಡಿದು ಕಂದು. ದೊಡ್ಡವರಾದ ಮೇಲೆ ಅದೇ ನೀರು ಕುಡಿದರೂ ಹಲ್ಲಿನಲ್ಲಿ ಈ ಗುರುತು ಮೂಡುವುದಿಲ್ಲ. ಐವತ್ತು ವರ್ಷದವರ ಹಲ್ಲು ಬೆಳ್ಳಗಿದೆಯೆಂದು ಊರಿನ ನೀರಿಗೆ ಪ್ರಮಾಣಪತ್ರ ಕೊಡಬೇಡಿ. ಮೂರನೇ ತರಗತಿಯ ಮಕ್ಕಳನ್ನು ನಗಿಸಿ ನೋಡಿ.

ದೊಡ್ಡವರಲ್ಲಿ ಅದು ಹೋಗುವುದು ಮೂಳೆಗೆ. ಹೊಟ್ಟೆಗೆ ಹೋದ ಫ್ಲೋರೈಡಿನಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೊರಹೋಗುತ್ತದೆ, ಉಳಿದದ್ದು ಮೂಳೆಯಲ್ಲಿ ಠೇವಣಿಯಾಗುತ್ತದೆ. ಬೆಳೆಯುವ ಮಕ್ಕಳಲ್ಲಿ ಠೇವಣಿಯ ಪಾಲು ಇನ್ನೂ ಹೆಚ್ಚು. ಮೂತ್ರಪಿಂಡ ಸೋತವರಲ್ಲೂ ಹಾಗೆಯೇ. ಹತ್ತು ಹದಿನೈದು ವರ್ಷಗಳ ಠೇವಣಿ ಕೂಡಿದ ಮೇಲೆ ಮೂಳೆ ದಪ್ಪವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಕೀಲುಗಳ ಸುತ್ತಲಿನ ಪಟ್ಟಿಗಳಲ್ಲಿ ಸುಣ್ಣ ಕಟ್ಟುತ್ತದೆ. ಕತ್ತು ತಿರುಗದು, ಸೊಂಟ ಬಗ್ಗದು. ರಾಷ್ಟ್ರೀಯ ಫ್ಲೋರೋಸಿಸ್ ತಡೆ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತರು ಬಳಸುವ ಮೂರು ಸರಳ ಪರೀಕ್ಷೆಗಳಿವೆ. ನೆಲದ ಮೇಲಿನ ನಾಣ್ಯವನ್ನು ಮಂಡಿ ಮಡಿಸದೆ ಬಾಗಿ ಎತ್ತಿಕೊಳ್ಳುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಮೂರೂ ಆಗದವರಿಗೆಲ್ಲ ಫ್ಲೋರೋಸಿಸ್ ಎಂದಲ್ಲ. ವಯಸ್ಸಿಗೂ ದುಡಿಮೆಗೂ ಸೊಂಟ ಹಿಡಿಯುತ್ತದೆ. ಆದರೆ ಒಂದೇ ಬಾವಿಯ ನೀರು ಕುಡಿಯುವ ನಲವತ್ತರ ಆಸುಪಾಸಿನ ಹಲವರು ಒಟ್ಟಿಗೆ ನಾಣ್ಯ ಎತ್ತಲಾರದೆ ನಿಂತರೆ ವೈದ್ಯರು ಮೊದಲು ಕೇಳಬೇಕಾದದ್ದು ಬಾವಿಯ ಬಗ್ಗೆ. ಮಿದುಳಿನ ಮೇಲಿನ ಪರಿಣಾಮದ ಚರ್ಚೆ ಇನ್ನೂ ನಡೆಯುತ್ತಿದೆ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2024ರಲ್ಲಿ ಈವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿನ ಮಟ್ಟದ ಫ್ಲೋರೈಡಿಗೂ ಮಕ್ಕಳ ಬುದ್ಧಿಸೂಚ್ಯಂಕ ತಗ್ಗುವುದಕ್ಕೂ ನಂಟಿದೆ ಎಂದು ಮಧ್ಯಮ ಮಟ್ಟದ ಭರವಸೆಯಿಂದ ಹೇಳಿತು. ನಂಟಿದೆ ಎಂದಿತೇ ಹೊರತು ಅದೇ ಕಾರಣವೆಂದು ಸಾಬೀತಾಗಿದೆ ಎನ್ನಲಿಲ್ಲ.

ಮತ್ತೆ ಮತ್ತೆ ಬರುವ ಈ 1.5 ಎಂಬ ಅಂಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 1.5 ಮಿಲಿಗ್ರಾಂ. ಭಾರತೀಯ ಮಾನಕದಲ್ಲಿ ಎರಡು ಗೆರೆಗಳಿವೆ: ಒಪ್ಪಬಹುದಾದ ಮಿತಿ 1.0, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ‘ಬೇರೆ ಮೂಲ ಇಲ್ಲದಿದ್ದರೆ’ ಎಂಬ ಷರತ್ತನ್ನು ನಾವು ಎಷ್ಟು ಅನುಕೂಲವಾಗಿ ಮರೆತಿದ್ದೇವೆಂದರೆ, 1.4 ಬಂದರೆ ವರದಿಯಲ್ಲಿ ‘ಕುಡಿಯಲು ಯೋಗ್ಯ’ ಎಂಬ ಮೊಹರು ಬೀಳುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಮೂಳೆಗೆ ಲೀಟರಿನ ಲೆಕ್ಕ ಗೊತ್ತಿಲ್ಲ. ಅದು ನೋಡುವುದು ದಿನಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ ಒಳಬಂತು ಎಂಬುದನ್ನು. ದಿನಕ್ಕೆ ಒಟ್ಟು 14 ಮಿಲಿಗ್ರಾಂ ಒಳಹೋದರೆ ಮೂಳೆಗೆ ಹಾನಿಯಾಗುವುದು ಸ್ಪಷ್ಟ, 6 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚುವ ಸೂಚನೆಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2002ರ ಪರಾಮರ್ಶೆ ಹೇಳುತ್ತದೆ. ಇಲ್ಲಿಂದ ಮುಂದೆ ಬೇಕಾದದ್ದು ಮಗ್ಗಿ ಮಾತ್ರ. ದಾವಣಗೆರೆಯ ಕಚೇರಿಯೊಂದರಲ್ಲಿ ಫ್ಯಾನಿನ ಕೆಳಗೆ ಕೂತು ದಿನಕ್ಕೆ ಎರಡು ಲೀಟರು ಕುಡಿಯುವ ಗುಮಾಸ್ತರಿಗೆ 1.5ರ ನೀರಿನಿಂದ ಸಿಗುವುದು 3 ಮಿಲಿಗ್ರಾಂ. ಅದೇ ನೀರನ್ನು ಚಳ್ಳಕೆರೆಯ ಬೇಸಿಗೆ ಶೇಂಗಾ ಹೊಲದಲ್ಲಿ ಕಳೆ ಕೀಳುವ ಹೆಂಗಸು ಐದು ಲೀಟರು ಕುಡಿದರೆ 7.5. ಎರಡು ಹೊತ್ತಿನ ರಾಗಿಮುದ್ದೆ, ಸಾರು, ಅನ್ನದೊಳಗೆ ಇಂಗಿದ ನೀರು ಒಂದು ಲೀಟರೆಂದು ಹಿಡಿದರೆ 9. ಮುದ್ದೆಗೆ ಎಸರಿಟ್ಟ ನೀರು ಬಸಿದು ಹೋಗುವುದಿಲ್ಲ, ಹಿಟ್ಟಿನೊಂದಿಗೇ ಹೊಟ್ಟೆ ಸೇರುತ್ತದೆ. ಎಸರು ಕುದಿದು ಆವಿಯಾಗುವುದೂ ಬರೀ ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ‘ನಾವು ಕಾಯಿಸಿ ಆರಿಸಿದ ನೀರನ್ನೇ ಕುಡಿಯುತ್ತೇವೆ’ ಎನ್ನುವವರು ಕ್ರಿಮಿಯಿಂದ ಪಾರಾಗುತ್ತಾರೆ, ಇದರಿಂದಲ್ಲ.

ಒಂದೇ ನಲ್ಲಿ, ಒಂದೇ ವರದಿ, ಆದರೆ ಕುಡಿಯುವ ನೀರಿನ ಲೆಕ್ಕದಲ್ಲೇ ಗುಮಾಸ್ತರಿಗೆ ಸಿಕ್ಕಿದ್ದರ ಎರಡೂವರೆ ಪಟ್ಟು ಕೂಲಿ ಹೆಂಗಸಿಗೆ. ನೀರಿನ ಮೂರು ಲ್ಯಾಬ್ ವರದಿಗಳನ್ನು ಮುಂದಿಟ್ಟುಕೊಂಡು ನಾನು ಬಹಳ ದಿನ ನೋಡಿದ್ದೆ, ಈ ಸರಳ ಗುಣಾಕಾರ ಹೊಳೆದಿರಲಿಲ್ಲ.

ಹೊಳೆಯಬೇಕಾದವರಿಗೆ ಹೊಳೆದಿತ್ತು. 1950ರ ದಶಕದಲ್ಲಿ ಅಮೆರಿಕದ ಗ್ಯಾಲಗನ್ ಮತ್ತು ವರ್ಮಿಲಿಯನ್ ಎಂಬ ಸಂಶೋಧಕರು ಸೆಕೆಯ ಊರಿನ ಮಕ್ಕಳು ಎಷ್ಟು ನೀರು ಕುಡಿಯುತ್ತಾರೆ, ತಣ್ಣನೆಯ ಊರಿನವರು ಎಷ್ಟು ಎಂದು ಅಳೆದು ಒಂದು ಸೂತ್ರ ಕಟ್ಟಿದರು. ಅದರ ಮೇಲೆ 1962ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಕುಡಿಯುವ ನೀರಿಗೆ ತಾಪಮಾನದ ಕೋಷ್ಟಕವನ್ನೇ ಹಾಕಿತು. ವರ್ಷದ ಸರಾಸರಿ ಗರಿಷ್ಠ ತಾಪಮಾನ ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್ ಇರುವ ಊರಿಗೆ ಫ್ಲೋರೈಡಿನ ಮೇಲ್ಮಿತಿ 1.7, 26ರಿಂದ 32 ಡಿಗ್ರಿಯ ಊರಿಗೆ 0.8. ಚಿತ್ರದುರ್ಗ ಬೀಳುವುದು ಈ ಎರಡನೆಯ ಸಾಲಿನಲ್ಲಿ. ತಮಾಷೆಯೆಂದರೆ 2015ರಲ್ಲಿ ಅಮೆರಿಕ ಆ ಕೋಷ್ಟಕವನ್ನೇ ಕೈಬಿಟ್ಟು, ನೀರಿಗೆ ಬೆರೆಸುವ ಫ್ಲೋರೈಡಿಗೆ ದೇಶವಿಡೀ 0.7 ಎಂದು ಒಂದೇ ಅಂಕಿ ಇಟ್ಟುಕೊಂಡಿತು. ಅಲ್ಲೀಗ ಸೆಕೆಯ ಊರಿನ ಮಕ್ಕಳೂ ತಂಪಿನ ಊರಿನ ಮಕ್ಕಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ನೀರು ಕುಡಿಯುತ್ತಾರೆ; ಮನೆಮನೆಯಲ್ಲೂ ಏಸಿ ಬಂದಿದೆ. ನಮ್ಮ ಶೇಂಗಾ ಹೊಲಕ್ಕೆ ಏಸಿ ಇನ್ನೂ ಬಂದಿಲ್ಲ. ಸ್ಥಳೀಯ ಹವಾಮಾನ, ಕುಡಿಯುವ ನೀರಿನ ಪ್ರಮಾಣ, ಆಹಾರದಿಂದ ಬರುವ ಪಾಲು ಇವನ್ನೆಲ್ಲ ನೋಡಿಕೊಂಡು ಆಯಾ ದೇಶ ತನ್ನ ಮಿತಿ ಗೊತ್ತುಮಾಡಿಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 1.5ರ ಪಕ್ಕದಲ್ಲೇ ಬರೆದಿದೆ. ಅಂಕಿ ನಮ್ಮವರೆಗೆ ಬಂತು, ಪಕ್ಕದ ಸಾಲು ಬರಲಿಲ್ಲ.

ಹವಾಮಾನ ಬದಲಾವಣೆ ಈ ಕಥೆಯೊಳಗೆ ಬರುವುದು ಹೀಗೆ. ಸೆಕೆ ಹೆಚ್ಚಿದಷ್ಟೂ ಕುಡಿಯುವ ಲೀಟರು ಹೆಚ್ಚುತ್ತದೆ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿ ಇನ್ನೂರು ಅಡಿ ಹೆಚ್ಚು ಇಳಿಯುತ್ತದೆ, ಕಲ್ಲಿನೊಂದಿಗೆ ಹೆಚ್ಚು ಕಾಲ ಕಳೆದ ನೀರು ಮೇಲೆ ಬರುತ್ತದೆ. ಅಂದರೆ ಗುಣಾಕಾರದ ಎರಡೂ ಸಂಖ್ಯೆಗಳು ಒಟ್ಟಿಗೆ ದೊಡ್ಡದಾಗುತ್ತವೆ. ಮೊದಲೇ ರಾಜ್ಯದ ಅತಿ ಕಡಿಮೆ ಮಳೆಯ ತಾಲೂಕುಗಳ ಸಾಲಿನಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರುಗಳಿಗೆ ಇದು ಸಣ್ಣ ಸಂಗತಿಯಲ್ಲ. ಒಂದೇ ದಾವಣಗೆರೆ ಜಿಲ್ಲೆಯೊಳಗೆ ಭದ್ರಾ ನಾಲೆಯ ಬತ್ತದ ಗದ್ದೆಗಳೂ ಜಗಳೂರಿನ ಒಣ ಹೊಲಗಳೂ ಇವೆ. ನಾಲೆ ತಲುಪಿದ ಕಡೆ ನದಿಯ ನೀರು, ತಲುಪದ ಕಡೆ ಬಂಡೆಯ ನೀರು.

ನೀರಿನಿಂದ ಫ್ಲೋರೈಡ್ ತೆಗೆಯುವುದು ವಿಜ್ಞಾನಕ್ಕೆ ಕಷ್ಟದ ಕೆಲಸವೇನಲ್ಲ. ದಿನಾ ತೆಗೆಯುವುದು ಕಷ್ಟ. ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ ಕಲಕಿ, ಗಸಿ ಇಳಿದ ಮೇಲೆ ಮೇಲಿನ ನೀರನ್ನು ಬಸಿದುಕೊಳ್ಳಬೇಕು. ಪ್ರತಿದಿನ, ಪ್ರತಿ ಬಿಂದಿಗೆಗೆ, ಅಳತೆ ತಪ್ಪದೆ. ಯಾರು ಮಾಡುತ್ತಾರೆ? ಕ್ರಿಯಾಶೀಲ ಅಲ್ಯೂಮಿನಾ ತುಂಬಿದ ಸೋಸುಕ ಸೊಗಸಾಗಿ ಕೆಲಸ ಮಾಡುತ್ತದೆ, ಕೆಲವು ತಿಂಗಳ ಮೇಲೆ ಅದರ ಹೀರುವ ಶಕ್ತಿ ಮುಗಿಯುತ್ತದೆ. ಕ್ಷಾರ ಮತ್ತು ಆಮ್ಲದಿಂದ ತೊಳೆದು ಮತ್ತೆ ಸಿದ್ಧಮಾಡಬೇಕು. ಶಕ್ತಿ ಮುಗಿದದ್ದು ಕಣ್ಣಿಗೆ ಕಾಣುವುದಿಲ್ಲ. ನೀರು ಸೋಸಿಕೊಂಡು ಮೊದಲಿನಂತೆಯೇ ಬರುತ್ತಿರುತ್ತದೆ.

ಹಾಗಾಗಿ ಹಳ್ಳಿಗಳಲ್ಲಿ ಗೆದ್ದದ್ದು ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಒತ್ತಡದಲ್ಲಿ ನೀರನ್ನು ಪೊರೆಯ ಮೂಲಕ ತಳ್ಳುವ ಆರ್‌ಓ ಯಂತ್ರ ಫ್ಲೋರೈಡನ್ನು ಚೆನ್ನಾಗಿಯೇ ತಡೆಯುತ್ತದೆ, ಇದರಲ್ಲಿ ಅನುಮಾನವಿಲ್ಲ. ನನ್ನ ತಕರಾರು ಮೂರು. ಒಳಗೆ ಹೋದ ನೀರಿನ ದೊಡ್ಡ ಪಾಲು ತ್ಯಾಜ್ಯವಾಗಿ ಹೊರಬರುತ್ತದೆ; ಅದರಲ್ಲಿ ಮೊದಲಿಗಿಂತ ಹೆಚ್ಚು ಗಾಢ ಫ್ಲೋರೈಡ್ ಇರುತ್ತದೆ, ಅದನ್ನು ಘಟಕದ ಹಿಂದಿನ ಗುಂಡಿಗೆ ಬಿಡಲಾಗುತ್ತದೆ, ಎಮ್ಮೆ ಅದನ್ನು ಕುಡಿಯುತ್ತದೆ. ಯಂತ್ರ ಕ್ಯಾಲ್ಸಿಯಮನ್ನೂ ತೆಗೆದುಬಿಡುತ್ತದೆ. ಆ ಕಾವಲುಗಾರ ಹೊಟ್ಟೆಯೊಳಗೂ ಫ್ಲೋರೈಡನ್ನು ಹಿಡಿದು ಹೊರಗೆ ಕಳುಹಿಸುವವನು. ಪುಣ್ಯಕ್ಕೆ ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಮಜ್ಜಿಗೆಯಲ್ಲೂ ಇದೆ. ಮಕ್ಕಳಿಗೆ ಹಾಲು, ರಾಗಿ ತಪ್ಪಿಸಬಾರದು ಎನ್ನುವುದಕ್ಕೆ ಇಲ್ಲಿ ಇನ್ನೂ ಒಂದು ಕಾರಣ ಸಿಕ್ಕಿತು. ಮೂರನೆಯ ತಕರಾರು ಯಂತ್ರದ ಮೇಲಲ್ಲ: ಕ್ಯಾನಿನ ನೀರು ಮನೆಯಲ್ಲಿ ಕುಡಿಯಲು ಮಾತ್ರ. ಮುದ್ದೆಗೆ ಎಸರು ನಲ್ಲಿಯದು, ಹೊಲದಲ್ಲಿ ಬಾಯಾರಿಕೆಗೆ ಪಂಪ್‌ಸೆಟ್ಟಿನ ಪೈಪು.

ನಿಜವಾದ ಬದಲಿ ಎಂದರೆ ಬಂಡೆಯ ಸಹವಾಸ ಮಾಡದ ನೀರು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ನುಗ್ಗಿತ್ತು. ತುಂಗಭದ್ರೆಯ ಹಿನ್ನೀರನ್ನು ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕಡೆ ತರುವ ಬಹುಗ್ರಾಮ ಯೋಜನೆಯ ಲೆಕ್ಕಾಚಾರವೂ ಇದೇ. ನದಿ, ಕೆರೆಯ ನೀರನ್ನು ಕ್ರಿಮಿಗಾಗಿ ಶುದ್ಧಿ ಮಾಡಬೇಕು, ಅದು ಗೊತ್ತಿರುವ ವಿದ್ಯೆ. ನದಿ ನೀರು ಸಾಲದ ಕಡೆ ಕೊಳವೆಬಾವಿಯ ನೀರಿಗೆ ಬೆರೆಸಿದರೂ ಫ್ಲೋರೈಡ್ ತೆಳುವಾಗುತ್ತದೆ. ಮನೆಯ ಛಾವಣಿಯ ಮಳೆನೀರು ತೊಟ್ಟಿಗೆ ಹಿಡಿದರೆ ಕೊನೆಗೆ ಅಡುಗೆಗಾದರೂ ಆದೀತು.

ಕಳೆದ ಮಾರ್ಚ್‌ನಲ್ಲಿ ಅತ್ತೆಯ ಊರಿಗೆ ಹೋದಾಗ ಫ್ಲೋರೈಡ್ ಪರೀಕ್ಷಾ ಕಿಟ್ ಒಂದನ್ನು ಜೊತೆಗೆ ಒಯ್ದಿದ್ದೆ. ಅದರ ಗುಲಾಬಿ ದ್ರಾವಣ ಫ್ಲೋರೈಡ್ ಹೆಚ್ಚಿದ್ದಷ್ಟೂ ಹಳದಿಗೆ ತಿರುಗುತ್ತದೆ. ಮನೆಯ ಕ್ಯಾನಿನ ನೀರನ್ನು ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ತುಂಬಿ ದ್ರಾವಣದ ಹನಿ ಹಾಕಿದೆ. ಗುಲಾಬಿ ಬಣ್ಣ ಹಾಗೆಯೇ ನಿಂತಿತು. ಅತ್ತೆಯ ಮುಖ ಅರಳಿತು. ಆಮೇಲೆ ಹೊಲಕ್ಕೆ ನಡೆದೆವು. ಮಧ್ಯಾಹ್ನ ಹನ್ನೆರಡೂವರೆ, ಶೇಂಗಾ ಸಾಲಿನಲ್ಲಿ ನಾಲ್ವರು ಹೆಂಗಸರು ಕಳೆ ಕೀಳುತ್ತಿದ್ದರು. ಬದುವಿನ ಮೇಲೆ ಎರಡು ಲೀಟರಿನ ಬಾಟಲಿ ಖಾಲಿ ಬಿದ್ದಿತ್ತು. ಮನೆಯಿಂದ ತಂದ ಕ್ಯಾನಿನ ನೀರು ಹತ್ತು ಗಂಟೆಗೇ ಮುಗಿದಿತ್ತು. ಒಬ್ಬಾಕೆ ಪೈಪಿಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ಅದೇ ಪೈಪಿನಿಂದ ನಳಿಕೆ ತುಂಬಿಕೊಂಡು ಹನಿ ಹಾಕಿ ಅಲ್ಲಾಡಿಸಿದೆ. ಗುಲಾಬಿ ಮಾಸಿತು, ಕಿತ್ತಳೆಯ ಛಾಯೆಯಾಯಿತು, ಹಳದಿಯ ಕಡೆ ವಾಲಿ ನಿಂತಿತು. ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಎರಡರ ಮನೆ ದಾಟಿತ್ತು.

ಇದೇ ಬೇಳೆ ಬೇಯುವ ನೀರು ಎಂದು ಅತ್ತೆ ಹೇಳಿದರು. ನಾನು ಲೆಕ್ಕ ಬಿಡಿಸಿ ಹೇಳಿದೆ. ಲೀಟರು, ಮಿಲಿಗ್ರಾಂ, ದಿನ. ಅವರು ಗಮನವಿಟ್ಟು ಕೇಳಿದರು, ನಡುವೆ ಒಂದೆರಡು ಸಲ ತಲೆದೂಗಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

‘ಹಾಗಾದರೆ ಹೊಲಕ್ಕೆ ಎಷ್ಟು ನೀರು ಹೊತ್ತು ತರಬೇಕಪ್ಪಾ?’

‘ಒಬ್ಬೊಬ್ಬರಿಗೆ ಐದು ಲೀಟರು.’

ಅತ್ತೆ ಸಾಲಿನಲ್ಲಿ ಬಾಗಿದ್ದ ನಾಲ್ವರನ್ನು ಎಣಿಸಿದರು. ತನ್ನನ್ನೂ ಸೇರಿಸಿ ಐವರು. ಮನೆಯಿಂದ ಹೊಲಕ್ಕೆ ಒಂದೂವರೆ ಮೈಲಿ. ‘ಇಪ್ಪತ್ತೈದು ಲೀಟರು’ ಎಂದು ತಮಗೆ ತಾವೇ ಹೇಳಿಕೊಂಡು, ಬಿದ್ದಿದ್ದ ಖಾಲಿ ಬಾಟಲಿಯನ್ನು ಎತ್ತಿಕೊಳ್ಳಲು ಮೊದಲು ಒಂದು ಕೈಯನ್ನು ಮಂಡಿಗೆ ಊರಿ, ನಿಧಾನವಾಗಿ ಕುಕ್ಕರಿಸಿ ಕೂತರು.